ಗ್ರೀನ್‌ಹ್ಯಾಮ್ ಶಿಬಿರಕ್ಕೂ ಪಂಕ್ ಹುಡುಗಿಯರಿಗೂ ಇರುವ ನಂಟು

1980ರ ದಶಕದ ಲಂಡನ್ನಿನ ಲೆಸ್ಬಿಯನ್ ಪಂಕ್ (ಬಂಡಾಯದ ರಾಕ್ ಸಂಗೀತ) ಬಳಗವನ್ನು ಕುರಿತ ‘ರೆಬೆಲ್ ಡೈಕ್ಸ್’ ಸಾಕ್ಷ್ಯಚಿತ್ರದಲ್ಲಿ ಗ್ರೀನ್‌ಹ್ಯಾಮ್ ಶಾಂತಿ ಶಿಬಿರದ ಪ್ರಸ್ತಾಪವೇಕೆ ಎಂದು ಕೇಳಿದ್ದೀರಿ. ಇಂಗ್ಲೆಂಡಿನ ಗ್ರೀನ್‌ಹ್ಯಾಮ್ ವಾಯುನೆಲೆಯಲ್ಲಿ ಅಮೆರಿಕದ ಅಣ್ವಸ್ತ್ರ ಕ್ಷಿಪಣಿಗಳನ್ನು ಇರಿಸುವುದನ್ನು ವಿರೋಧಿಸಿ 1981ರಲ್ಲಿ ಆರಂಭವಾದ ಆ ಮಹಿಳಾ ಶಿಬಿರದಲ್ಲಿ ಪರಿಚಯವಾದ ಹಲವು ಯುವತಿಯರೇ ಮುಂದೆ ಲಂಡನ್ನಿನ ಪಾಳುಬಿದ್ದ ಮನೆಗಳಲ್ಲಿ ಒಟ್ಟಾಗಿ ನೆಲೆಸಿ, ಬ್ಯಾಂಡ್ ಕಟ್ಟಿ, ತಮ್ಮದೇ ಕ್ಲಬ್ಬುಗಳನ್ನು ನಡೆಸಿದರು. ಹಾಗಾಗಿ ಇಲ್ಲಿ ಸಂಗೀತವನ್ನು ಹೋರಾಟದಿಂದ ಬೇರ್ಪಡಿಸಲಾಗದು.

ನನ್ನ ಮಟ್ಟಿಗೆ ಈ ಕಥೆಯ ಜೀವಾಳವಿರುವುದು ಸೆಕ್ಷನ್ 28ರ ವಿರುದ್ಧದ ಪ್ರತಿಭಟನೆಯಲ್ಲಿ. ಸ್ಥಳೀಯ ಆಡಳಿತಗಳು ಸಲಿಂಗಪ್ರೇಮಕ್ಕೆ ಉತ್ತೇಜನ ನೀಡಕೂಡದೆಂದ ಆ ಕಾನೂನನ್ನು ಖಂಡಿಸಿ 1988ರ ಫೆಬ್ರುವರಿಯಲ್ಲಿ ಮಹಿಳೆಯರು ಬ್ರಿಟಿಷ್ ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನ ಗ್ಯಾಲರಿಯಿಂದ ಹಗ್ಗ ಹಿಡಿದು ಸಭಾಂಗಣಕ್ಕೆ ಇಳಿದರು. ಮೇ ತಿಂಗಳಲ್ಲಿ, ಕಾನೂನು ಜಾರಿಯಾಗುವ ಹಿಂದಿನ ಸಂಜೆ, ಬಿಬಿಸಿ ವಾರ್ತೆ ನೇರಪ್ರಸಾರವಾಗುತ್ತಿದ್ದಾಗಲೇ ಸ್ಟುಡಿಯೊಗೆ ನುಗ್ಗಿದರು. ಅಷ್ಟೆಲ್ಲ ಧೈರ್ಯ ತೋರಿದರೂ ಇಂಗ್ಲೆಂಡಿನಲ್ಲಿ ಆ ಕಾನೂನು ರದ್ದಾಗಲು 2003ರವರೆಗೆ ಕಾಯಬೇಕಾಯಿತೆಂಬುದು ನನ್ನನ್ನು ಈಗಲೂ ಕಾಡುತ್ತದೆ.