ಕೈ ಎಲ್ಲಿಗೆ ಹೋಗುತ್ತದೆ ನೋಡಿಕೊಳ್ಳಿ

ಪ್ರಶ್ನೆ: ಅಕ್ಕಾ, ಇನ್ನು ಎರಡು ತಿಂಗಳಿಗೆ ನನ್ನ ಮದುವೆ. ಅದಕ್ಕೂ ಮುಂಚೆ ಬುಡ್ವಾರ್ ಫೋಟೋಶೂಟ್ (ಮಲಗುವ ಕೋಣೆಯಲ್ಲಿ, ಒಳಉಡುಪಿನಂಥ ಬಟ್ಟೆಯಲ್ಲಿ ತೆಗೆಸಿಕೊಳ್ಳುವ ಖಾಸಗಿ ಚಿತ್ರಗಳು) ಮಾಡಿಸಿ, ಆಲ್ಬಮ್ ಮಾಡಿ, ಮದುವೆಯಾಗುವ ಹುಡುಗನಿಗೆ ಕೊಡಬೇಕು ಅಂತ ಆಸೆ. ಏನು ಹಾಕಿಕೊಳ್ಳಬೇಕು ಅನ್ನುವುದೇ ಗೊತ್ತಾಗುತ್ತಿಲ್ಲ. ನೋಡುವ ಚಿತ್ರಗಳಲ್ಲೆಲ್ಲ ತೆಳ್ಳಗಿನವರೇ ಇರುತ್ತಾರೆ. ನನಗೆ ಹೊಟ್ಟೆ ಇದೆ, ತೋಳೂ ದಪ್ಪ. ಆರು ಜೊತೆ ಬಟ್ಟೆ ಆರಿಸಿಟ್ಟು ಕೂತಿದ್ದೇನೆ. ಯಾವುದನ್ನು ಇಟ್ಟುಕೊಳ್ಳಲಿ?
– ಹೆಸರು ಬೇಡ

ಉತ್ತರ: ಮೊದಲು ಆರರಲ್ಲಿ ಮೂರನ್ನು ತೆಗೆದುಬಿಡಿ. ಬಟ್ಟೆ ಬದಲಿಸಿ, ಕೂದಲು ಸರಿಮಾಡಿಕೊಂಡು ಬರುವಷ್ಟರಲ್ಲಿ ಪ್ರತಿ ಸಲ ಹತ್ತು ಹದಿನೈದು ನಿಮಿಷ ಹೋಗುತ್ತದೆ. ಎರಡು ಗಂಟೆಯ ಶೂಟ್‌ನಲ್ಲಿ ಆರು ಸಲ ಬದಲಿಸಿದರೆ ಒಂದೂಕಾಲು ಗಂಟೆ ಅದಕ್ಕೇ ಆಯಿತು. ಅಷ್ಟೇ ಅಲ್ಲ, ಒಂದು ಬಟ್ಟೆಯಲ್ಲಿ ಮೈ ಹಗುರಾಗುವುದಕ್ಕೆ ಸ್ವಲ್ಪ ಹೊತ್ತು ಬೇಕು. ಹಗುರಾಗುವಷ್ಟರಲ್ಲಿ ಅದನ್ನು ಬಿಚ್ಚಿ ಇನ್ನೊಂದು ಹಾಕಿದರೆ ಎಲ್ಲ ಚಿತ್ರದಲ್ಲೂ ಬಿಗಿದ ಮುಖವೇ ಬರುತ್ತದೆ.

ಯಾವ ಮೂರು ಅಂತ ಆರಿಸುವುದಕ್ಕೆ ನಾನು ಹೇಳುವ ಪರೀಕ್ಷೆ ಒಂದೇ. ಬಟ್ಟೆ ಹಾಕಿಕೊಂಡು ಮನೆಯಲ್ಲಿ ಹತ್ತು ನಿಮಿಷ ಇರಿ. ಕನ್ನಡಿ ಮುಂದೆ ನಿಂತರೆ ಸಾಲದು. ಹಾಸಿಗೆ ಮೇಲೆ ಕೂರಿ, ಒರಗಿ, ಬೋರಲು ಮಲಗಿ, ಕೈ ಮೇಲೆತ್ತಿ, ಮೊಣಕಾಲು ಮಡಚಿ. ಆ ಹತ್ತು ನಿಮಿಷದಲ್ಲಿ ನಿಮ್ಮ ಕೈ ಎಷ್ಟು ಸಲ ಬಟ್ಟೆ ಸರಿಮಾಡಲು ಹೋಯಿತು, ಎಣಿಸಿ. ಒಂದೆರಡು ಸಲ ಆದರೆ ಸರಿ. ಜಾಸ್ತಿ ಹೋದರೆ, ಎಷ್ಟೇ ಚೆನ್ನಾಗಿ ಕಂಡರೂ ಅದು ಬೇಡ.

ಇದನ್ನು ನಾನು ನನ್ನ ಶೂಟ್‌ನಲ್ಲೇ ಕಲಿತೆ. ಮದುವೆಗೆ ಮುಂಚೆ ಕಡುಗೆಂಪು ಕಾರ್ಸೆಟ್ ಒಂದನ್ನು ತಂದಿದ್ದೆ. ಮುಂದೆ ಸಾಲಾಗಿ ಹುಕ್ಕುಗಳು. ಒಂದು ಅಳತೆ ಚಿಕ್ಕದೇ ಇರಲಿ, ಸೊಂಟ ಸಣ್ಣಗೆ ಕಾಣುತ್ತದೆ ಅಂದುಕೊಂಡಿದ್ದೆ. ನಿಂತಾಗ ಚೆನ್ನಾಗೇ ಕಂಡಿತು. ಕೂತ ತಕ್ಷಣ ಅದು ಮೇಲಕ್ಕೆ ಸರಿದು ಪಕ್ಕೆಲುಬಿಗೆ ಒತ್ತಿತು. ಉಸಿರು ಮೇಲೆ ಮೇಲೆ ಎಳೆದುಕೊಂಡೇ ಒಂದು ಗಂಟೆ ಕಳೆದೆ. ಆಮೇಲೆ ಚಿತ್ರ ನೋಡಿದರೆ ಭುಜವೆಲ್ಲ ಕಿವಿಯ ಹತ್ತಿರಕ್ಕೆ ಬಂದಿತ್ತು, ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ಅವತ್ತಿನ ಒಳ್ಳೆಯ ಚಿತ್ರ ಒಂದೇ ಒಂದು. ಎಲ್ಲ ಮುಗಿದ ಮೇಲೆ ಹಳೆಯ ಹತ್ತಿ ಅಂಗಿ ಹಾಕಿಕೊಂಡು, ಕಿಟಕಿ ಪಕ್ಕ ಕೂತು ಕಾಲು ನೀವಿಕೊಳ್ಳುತ್ತಿದ್ದಾಗ ತೆಗೆದದ್ದು.

ಆಮೇಲೆ ಈ ಕೆಲಸಕ್ಕೇ ಬಂದೆ. ಹನ್ನೊಂದು ವರ್ಷದಿಂದ ಮದುಮಗಳಂದಿರ ಫೋಟೋಗೆ ಬಟ್ಟೆ ಹೊಂದಿಸುತ್ತಿದ್ದೇನೆ. ಇವತ್ತಿಗೂ ನಾನು ಮೊದಲು ನೋಡುವುದು ಬಟ್ಟೆಯನ್ನಲ್ಲ, ಕೈಯನ್ನು. ಒಂದು ಹುಡುಗಿಯ ಬಲಗೈ ಮಾತು ಮಾತಿಗೂ ಎಡ ಭುಜದ ಪಟ್ಟಿಗೆ ಹೋಗುತ್ತಿತ್ತು. ಪಟ್ಟಿ ಜಾರುತ್ತಿರಲಿಲ್ಲ. ಅದರ ಕೆಳಗೆ ಒಂದು ಹಳೆಯ ಸುಟ್ಟ ಕಲೆ ಇತ್ತು. ನಾನೇನೂ ಕೇಳಲಿಲ್ಲ. ಒಂದು ರೋಬ್, ಅಂದರೆ ಮುಂದೆ ತೆರೆದಿರುವ ಸಡಿಲ ನಿಲುವಂಗಿ, ತಂದು ಭುಜದ ಮೇಲೆ ಹೊದಿಸಿದೆ. ಕೈ ತಾನಾಗಿ ತೊಡೆಯ ಮೇಲೆ ಇಳಿಯಿತು, ಬೆರಳು ಬಿಡಿಸಿಕೊಂಡವು. ಅಲ್ಲಿಂದ ಆಚೆಗೆ ತೆಗೆದ ಚಿತ್ರಗಳೇ ಬೇರೆ.

ಈಗ ನಿಮ್ಮ ಹೊಟ್ಟೆ, ತೋಳಿನ ಮಾತು. ಹೊಟ್ಟೆಯನ್ನು ಬಿಗಿಯಾಗಿ ಕಟ್ಟಲು ಹೋಗಬೇಡಿ. ಎಲಾಸ್ಟಿಕ್ ಎಲ್ಲಿ ಬಿಗಿಯುತ್ತದೋ ಅದರ ಮೇಲೂ ಕೆಳಗೂ ಮೈ ಉಬ್ಬುತ್ತದೆ, ಕಣ್ಣು ಅಲ್ಲಿಗೇ ಹೋಗುತ್ತದೆ. ಹೊಕ್ಕುಳಿನ ಮೇಲಕ್ಕೆ ಬರುವ, ಅಗಲ ಪಟ್ಟಿಯ ಒಳಉಡುಪು ತೊಗೊಳ್ಳಿ. ಇಲ್ಲವೇ ನಡುವಿನಲ್ಲಿ ಹೊಲಿಗೆಯೇ ಇಲ್ಲದ ಲೇಸ್ ಬಾಡಿಸೂಟ್. ಅಳತೆ ಚೀಟಿಯಲ್ಲಿ ಏನಿದೆ ಅಂತ ಫೋಟೋದಲ್ಲಿ ಯಾರಿಗೂ ಕಾಣುವುದಿಲ್ಲ, ಮೈಗೆ ಕೂರುವುದು ಮುಖ್ಯ. ಅಂಗಾತ ಮಲಗಿದರೆ ಹೊಟ್ಟೆ ತಾನೇ ಚಪ್ಪಟೆಯಾಗುತ್ತದೆ. ತೋಳಿಗೆ ರೋಬ್ ಇದೆಯಲ್ಲ, ಅದನ್ನು ತೋಳಿನ ನಡುವಿನವರೆಗೆ ಜಾರಿಬಿಟ್ಟರೆ ಕುತ್ತಿಗೆ, ಭುಜ ಕಾಣುತ್ತವೆ, ತೋಳಿನ ಅರ್ಧ ಮುಚ್ಚಿರುತ್ತದೆ. ತೋಳನ್ನು ಮೈಗೆ ಒತ್ತಿಕೊಂಡರೆ ಅಗಲವಾಗಿ ಕಾಣುತ್ತದೆ, ಸ್ವಲ್ಪ ಬಿಡಿಸಿ ಹಿಡಿಯಿರಿ. ಹಾಗಂತ ಎಲ್ಲವನ್ನೂ ಮುಚ್ಚುವ ಬಟ್ಟೆಯನ್ನೇ ಹುಡುಕಬೇಡಿ. ಮರೆಸಬೇಕಾದದ್ದನ್ನು ನೆರಳು ಮರೆಸುತ್ತದೆ. ಒಂದೇ ಕಿಟಕಿಯಿಂದ ಪಕ್ಕಕ್ಕೆ ಬೀಳುವ ಬೆಳಕು ಸಾಕು.

ಒಂದು ಮಾತು ಬಟ್ಟೆಯದ್ದಲ್ಲ, ಆದರೂ ಹೇಳಲೇಬೇಕು. ಈ ಚಿತ್ರಗಳು ಯಾರ ಹತ್ತಿರ ಇರುತ್ತವೆ, ಎಷ್ಟು ದಿನ ಇರುತ್ತವೆ, ನಿಮ್ಮನ್ನು ಕೇಳದೆ ಎಲ್ಲೂ ಹಾಕುವುದಿಲ್ಲ ಅನ್ನುವುದನ್ನು ಫೋಟೋ ತೆಗೆಯುವವರಿಂದ ಮುಂಚೆಯೇ ಬರೆಸಿಕೊಳ್ಳಿ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ಬೇರೆಯವರನ್ನು ಹುಡುಕಿ. ಜೊತೆಗೆ ಗೆಳತಿಯೊಬ್ಬಳನ್ನು ಕರೆದುಕೊಂಡು ಹೋಗಿ. ಆಲ್ಬಮ್ ಮಾಡಿಸಲೂ ಸಮಯ ಬೇಕು, ಮದುವೆಗೆ ಒಂದೂವರೆ ತಿಂಗಳು ಇರುವಾಗಲೇ ಶೂಟ್ ಮುಗಿಸಿಕೊಳ್ಳಿ.

ಪ್ರಶ್ನೆ: ಮದುಮಗಳು ಅಂದಮೇಲೆ ಬಿಳಿ ಲೇಸ್, ಬಿಳಿ ಹಾಸಿಗೆ, ಎಲ್ಲ ಬಿಳಿ ಅಂದುಕೊಂಡಿದ್ದೇನೆ. ಸರಿ ತಾನೇ? ಹಿಂದಿನ ದಿನದಿಂದ ಏನೇನು ತಯಾರಿ ಬೇಕು?
– ಇನ್ನೊಬ್ಬ ಓದುಗರು

ಉತ್ತರ: ಎಲ್ಲ ಬಿಳಿ ಬೇಡ. ಅಚ್ಚ ಬಿಳಿ ಬಟ್ಟೆಯ ಮೇಲೆ ಕಿಟಕಿಯ ಬೆಳಕು ಜೋರಾಗಿ ಬಿದ್ದರೆ ಲೇಸಿನ ಹೂವು, ಬಳ್ಳಿ ಎಲ್ಲ ಅಳಿಸಿಹೋಗುತ್ತದೆ. ಬಿಳಿ ಹಾಸಿಗೆಯ ಮೇಲೆ ಅದು ಎಲ್ಲಿ ಮುಗಿಯಿತು ಅಂತಲೂ ತಿಳಿಯುವುದಿಲ್ಲ. ಲೇಸ್ ದಂತದ ಬಣ್ಣದ್ದಿರಲಿ, ಇಲ್ಲವೇ ಹಾಸಿಗೆಯ ಹೊದಿಕೆ ಬೂದು ಬಣ್ಣದ್ದಿರಲಿ. ಸ್ಯಾಟಿನ್ ಬೆಳಕನ್ನು ಹೊಳೆಸುತ್ತದೆ, ಹಾಗೇ ಒಂದೊಂದು ಸುಕ್ಕನ್ನೂ ಎತ್ತಿ ತೋರಿಸುತ್ತದೆ. ಅದನ್ನು ಮಡಚಿ ಬ್ಯಾಗಿಗೆ ತುರುಕದೆ ಹ್ಯಾಂಗರಿನಲ್ಲೇ ತೊಗೊಂಡು ಹೋಗಿ, ಅಲ್ಲಿ ಸ್ಟೀಮರ್ ಇದೆಯಾ ಅಂತ ಕೇಳಿಕೊಳ್ಳಿ.

ತಯಾರಿಯಲ್ಲಿ ಹೆಚ್ಚಿನವರು ಮರೆಯುವುದು ಎಲಾಸ್ಟಿಕ್ ಗುರುತು. ಕಾಲುಚೀಲದ್ದು, ಬ್ರಾದ್ದು, ಕೈಗಡಿಯಾರದ್ದು. ಬಿಚ್ಚಿದ ಮೇಲೆ ಅದು ಮಾಯಲು ಅರ್ಧ ಗಂಟೆಗೂ ಜಾಸ್ತಿ ಬೇಕಾಗಬಹುದು. ಅವತ್ತು ಮನೆಯಿಂದಲೇ ಸಡಿಲ ಅಂಗಿ ಹಾಕಿಕೊಂಡು ಹೊರಡಿ. ವ್ಯಾಕ್ಸಿಂಗ್ ಮಾಡಿಸುವುದಾದರೆ ಎರಡು ಮೂರು ದಿನ ಮುಂಚೆ ಮಾಡಿಸಿ, ಚರ್ಮದ ಕೆಂಪು ಇಳಿಯಬೇಕು. ಹಿಂದಿನ ದಿನ ಹೊಸ ಕ್ರೀಮ್ ಯಾವುದನ್ನೂ ಹಚ್ಚಬೇಡಿ. ಮೊಣಕೈ, ಮೊಣಕಾಲು, ಹಿಮ್ಮಡಿಗೆ ಒಂದು ವಾರದಿಂದ ಎಣ್ಣೆಯನ್ನೋ ದಿನಾ ಹಚ್ಚುವ ಲೋಷನ್ನನ್ನೋ ಸವರುತ್ತಿರಿ. ಫ್ಲ್ಯಾಶ್ ಬಳಸುತ್ತಾರಾ ಅಂತ ಕೇಳಿ. ಬಳಸುವುದಾದರೆ ಸನ್‌ಸ್ಕ್ರೀನ್ ಸೇರಿಸಿದ ಫೌಂಡೇಶನ್ ಬೇಡ. ಅದರಲ್ಲಿ ಝಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇದ್ದರೆ ಫ್ಲ್ಯಾಶ್ ಬಿದ್ದಾಗ ಮುಖ ಬೆಳ್ಳಗೆ ಬೂದಿ ಸವರಿದ ಹಾಗೆ ಬರಬಹುದು, ಕುತ್ತಿಗೆ ಮಾತ್ರ ತನ್ನ ಬಣ್ಣದಲ್ಲೇ ಉಳಿಯುತ್ತದೆ. ತುಟಿಯ ಬಣ್ಣವನ್ನು ಬಟ್ಟೆ ಹಾಕಿದ ಮೇಲೆ ಹಚ್ಚಿ. ತಲೆಯ ಮೇಲಿಂದ ಬಟ್ಟೆ ಎಳೆಯುವಾಗ ಲೇಸಿಗೆ ತಗುಲಿದರೆ ಅವತ್ತಿಗೆ ಅದು ಹೋದಂತೆಯೇ. ಚಿಕ್ಕ ಕತ್ತರಿ, ನಾಲ್ಕು ಪಿನ್ನು ಬ್ಯಾಗಿನಲ್ಲಿರಲಿ.

ಒಡವೆ ಒಂದು ಸಾಕು. ಮದುವೆಯ ದಿನ ಹಾಕಿಕೊಳ್ಳುವ ಓಲೆಯನ್ನೇ ಇಟ್ಟುಕೊಳ್ಳಿ. ಮುಂದೆ ಎರಡೂ ಆಲ್ಬಮ್ ಪಕ್ಕಪಕ್ಕ ಇಟ್ಟು ನೋಡುವಾಗ ಅದೇ ಓಲೆ ಎರಡರಲ್ಲೂ ಸಿಗುತ್ತದೆ.

ಪ್ರಶ್ನೆ: ನಮ್ಮವರಿಗೆ ಕಪ್ಪು ಬಟ್ಟೆ ಇಷ್ಟ. ನನಗೆ ಕಪ್ಪು ಹಾಕಿಕೊಂಡರೆ ನಾನೇ ಅಲ್ಲ ಅನ್ನಿಸುತ್ತದೆ. ಅವರಿಗೆ ಕೊಡುವ ಚಿತ್ರ ಅಲ್ವಾ, ಅವರಿಷ್ಟದ್ದೇ ಹಾಕಲಾ?

ಉತ್ತರ: ಬೇಡ. ಬುಡ್ವಾರ್ ಅನ್ನುವುದು ಫ್ರೆಂಚ್ ಮಾತು. ಮುನಿಸಿಕೊಳ್ಳುವುದು ಅನ್ನುವ ಪದದಿಂದ ಬಂದದ್ದು. ಹೆಣ್ಣು ಬಾಗಿಲು ಹಾಕಿಕೊಂಡು ತನ್ನ ಪಾಡಿಗೆ ತಾನಿರುವ ಕೋಣೆ. ನಮ್ಮ ಕೈಕೇಯಿಯ ಕೋಪಗೃಹ ನೆನಪಾಗುತ್ತದೆ ಅಲ್ವಾ? ಆ ಕೋಣೆಯಲ್ಲಿ ಏನು ಉಡಬೇಕು ಅನ್ನುವುದು ಒಳಗಿರುವವಳಿಗೇ ಬಿಟ್ಟದ್ದು. ಬಲವಂತಕ್ಕೆ ಹಾಕಿಕೊಂಡ ಕಪ್ಪು ನಿಮ್ಮ ಕಣ್ಣಿನಲ್ಲೇ ಕಾಣುತ್ತದೆ. ನಿಮ್ಮನ್ನು ದಿನಾ ನೋಡುವವರಿಗಂತೂ ಗೊತ್ತಾಗದೇ ಇರದು.

ಅವರದ್ದೂ ಏನಾದರೂ ಇರಲಿ ಅನ್ನಿಸಿದರೆ ಅವರ ಒಂದು ಶರ್ಟ್ ಹಾಕಿಕೊಳ್ಳಿ. ನಾಲ್ಕಾರು ಸಲ ಒಗೆದು ಮೆತ್ತಗಾದದ್ದು. ಕಾಲರ್ ಬಗ್ಗಿರಬೇಕು, ತೋಳು ಬೆರಳ ತುದಿಯವರೆಗೆ ಬರಬೇಕು. ಮೇಲಿನ ಎರಡು ಗುಂಡಿ ಬಿಟ್ಟು ಉಳಿದದ್ದನ್ನು ಹಾಕಿಕೊಳ್ಳಿ. ಶರ್ಟ್ ಯಾಕೆ ಬೇಕು ಅಂತ ಅವರು ಕೇಳಿದರೆ ಸದ್ಯಕ್ಕೆ ಹೇಳಬೇಡಿ.