2025ರ ‘ಹೌ ಟು ಟ್ರೇನ್ ಯುವರ್ ಡ್ರ್ಯಾಗನ್’ ಸಿನಿಮಾದಲ್ಲೂ ಡ್ರ್ಯಾಗನ್ ಕಂಪ್ಯೂಟರ್‌ನದ್ದೇ ಅಲ್ವಾ? ಹಾಗಿದ್ದರೆ 2010ರ ಆ್ಯನಿಮೇಷನ್ ಸಿನಿಮಾವನ್ನು ನಟರನ್ನಿಟ್ಟು ಮತ್ತೆ ತೆಗೆದಿದ್ದರಲ್ಲಿ ಹೊಸದೇನು?

ಹೌದು, ತೆರೆ ಮೇಲೆ ಕಾಣುವ ಟೂತ್‌ಲೆಸ್ ಎಂಬ ಡ್ರ್ಯಾಗನ್ ಕಂಪ್ಯೂಟರ್‌ನಲ್ಲೇ ಮೂಡಿದ್ದು. ಆದರೆ ಚಿತ್ರೀಕರಣದಲ್ಲಿ ಅದರ ಜಾಗ ಸುಮ್ನೆ ಖಾಲಿ ಇರಲಿಲ್ಲ. ಬೊಂಬೆಯಾಡಿಸುವವರು ಡ್ರ್ಯಾಗನ್ನಿನ ತಲೆ ಹಿಡಿದು ನಟರ ಎದುರು ಆಡಿಸುತ್ತಿದ್ದರು. ಕತೆಯ ನಾಯಕ ಹಿಕಪ್ ಪಾತ್ರದ ಮೇಸನ್ ಥೇಮ್ಸ್‌ಗೆ ಕಣ್ಣಲ್ಲಿ ಕಣ್ಣಿಟ್ಟು ನೋಡಲು ಒಂದು ಮುಖ ಇತ್ತು. ಆ ಹುಡುಗನ ಕಣ್ಣಲ್ಲಿ ಕಾಣುವ ಹೆದರಿಕೆ, ಅಕ್ಕರೆ ಎರಡೂ ಸಹಜ ಅನಿಸೋದಕ್ಕೆ ಇದೇ ಕಾರಣ ಅಂತ ನನಗನಿಸುತ್ತದೆ. ಹಾರುವ ದೃಶ್ಯಗಳಿಗೆ ಗಿಂಬಲ್ ಎಂಬ ಯಂತ್ರ ಬಳಸಿದರು. ಡ್ರ್ಯಾಗನ್ನಿನ ಬೆನ್ನಿನಂತಿರುವ ಅದು ಮೇಲೆ ಕೆಳಗೆ, ಅಕ್ಕಪಕ್ಕ ವಾಲುತ್ತದೆ. ಸವಾರನ ಮೈ ಓಲಾಡುವುದು ನಿಜವಾದ ಓಲಾಟ.

ಕತೆ ಬಹುಪಾಲು 2010ರದ್ದೇ. ಆಗ ಕ್ರಿಸ್ ಸ್ಯಾಂಡರ್ಸ್ ಜೊತೆ ನಿರ್ದೇಶಿಸಿದ್ದ ಡೀನ್ ಡಿಬ್ಲಾ ಈ ಸಲ ಒಬ್ಬರೇ ನಿರ್ದೇಶಿಸಿದ್ದಾರೆ. ಸಂಗೀತ ಮತ್ತೆ ಜಾನ್ ಪೊವೆಲ್. ಹಿಕಪ್‌ನ ಅಪ್ಪ ಸ್ಟೋಯಿಕ್‌ಗೆ ಅಂದು ದನಿ ಕೊಟ್ಟ ಜೆರಾರ್ಡ್ ಬಟ್ಲರ್ ಈಗ ತಾವೇ ಆ ಪಾತ್ರ ಮಾಡಿದ್ದಾರೆ. ಅಪ್ಪ ಮಗನ ಜಗಳ ಇಲ್ಲಿ ಜಾಸ್ತಿ ತಟ್ಟುತ್ತದೆ.

ನಗು ಮಾತ್ರ ಸ್ವಲ್ಪ ಕಮ್ಮಿ. ಆ್ಯನಿಮೇಷನ್ ಪಾತ್ರದ ಮುಖವನ್ನು ಬೇಕಾದಷ್ಟು ಎಳೆಯಬಹುದು, ಮನುಷ್ಯರ ಮುಖಕ್ಕೆ ಅದು ಆಗಲ್ಲ. ಚಿಕ್ಕ ಮಕ್ಕಳಿಗೆ ಮೊದಲು ಹಳೆಯದನ್ನೇ ತೋರಿಸಿ. ಹೊಸದರಲ್ಲಿ ಕಾದಾಟ ಹೆಚ್ಚು ಹೆದರಿಸುತ್ತದೆ.