ಕಣದಲ್ಲಿ ಬಂದು ಮಲಗಿರುವ ಕಂದು ನಾಯಿಯ ಬಗ್ಗೆ

ಅಣ್ಣಾ, ಮೂರು ದಿನದಿಂದ ನಿಮ್ಮ ಅಡಿಕೆ ಕಣದಲ್ಲಿ ಒಂದು ಕಂದು ಗಂಡು ನಾಯಿ ಬಂದು ಮಲಗಿದೆ, ಕೊರಳಲ್ಲಿ ಹಳೇ ಬೆಲ್ಟ್ ಇದೆ, ನಿಮ್ಮ ನಾಯಿ ಅದನ್ನು ಕಂಡರೆ ಎಗರುತ್ತದೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಿಮ್ಮ ಪೋಸ್ಟಿನ ಕೆಳಗೆ ಒಬ್ಬರು ಅದನ್ನು ಗೋಣಿಚೀಲಕ್ಕೆ ಹಾಕಿ ಹೊಸನಗರ ಪೇಟೆಯಲ್ಲಿ ಬಿಟ್ಟು ಬನ್ನಿ ಅಂದಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈಗ ಅದರ ಮನೆ ಐದೋ ಹತ್ತೋ ಕಿಲೋಮೀಟರ್ ದೂರ ಇರಬಹುದು. ಪೇಟೆಗೆ ಹಾಕಿದರೆ ಹುಡುಕುತ್ತಿರುವವರಿಗೂ ಸಿಗುವುದಿಲ್ಲ, ಅದಕ್ಕೂ ದಾರಿ ಪೂರ್ತಿ ತಪ್ಪುತ್ತದೆ.

ಮೊದಲು ಇವತ್ತಿನ ರಾತ್ರಿಯ ಮಾತು. ಹೊರಗೆ ಬಿಡಬೇಡಿ. ನಮ್ಮ ಕಡೆ ಕುರ್ಕ, ಅಂದರೆ ಚಿರತೆ, ಮನೆ ನಾಯಿಯನ್ನೇ ಜಗಲಿಯಿಂದ ಎತ್ತಿಕೊಂಡು ಹೋಗುತ್ತದೆ, ಇನ್ನು ಜಾಗ ಗೊತ್ತಿಲ್ಲದೆ ಕಣದ ಮೂಲೆಯಲ್ಲಿ ಮಲಗಿದ ನಾಯಿ ಸುಲಭವಾಗಿ ಸಿಗುತ್ತದೆ. ಬಾಗಿಲು ಇರುವ ಸೌದೆ ಕೊಟ್ಟಿಗೆ ಇದ್ದರೆ ಅಲ್ಲಿ, ನಿಮ್ಮ ನಾಯಿಗೆ ಕಾಣದ ಹಾಗೆ ಕಟ್ಟಿ. ಹಗ್ಗ ಸ್ವಲ್ಪ ಉದ್ದ ಇರಲಿ, ಆದರೆ ಕಂಬಕ್ಕೆ ಸುತ್ತಿಕೊಳ್ಳುವಷ್ಟು ಬೇಡ. ಹಸಿದಿದೆ ಅಂತ ಒಂದೇ ಸಲ ತಟ್ಟೆ ತುಂಬಾ ಹಾಕಬೇಡಿ. ಮೆತ್ತಗೆ ಬೆಂದ ಅನ್ನಕ್ಕೆ ಸ್ವಲ್ಪ ಮಜ್ಜಿಗೆ ಕಲಸಿ, ದಿನಕ್ಕೆ ಮೂರ್ನಾಲ್ಕು ಸಲ ಸ್ವಲ್ಪ ಸ್ವಲ್ಪ ಕೊಡಿ. ಈರುಳ್ಳಿ ಬಿದ್ದ ಸಾರು ಬೇಡ, ಅದು ನಾಯಿಗೆ ವಿಷ. ನೀರು ಸದಾ ಇಟ್ಟಿರಿ. ನೀರಿಲ್ಲದಿದ್ದರೆ ಅದು ತೋಟದಲ್ಲಿ ಮೈಲುತುತ್ತದ ಡ್ರಮ್ಮಿಗೋ ಅಡಿಕೆ ಬೇಯಿಸಿದ ಚೊಗರಿನ ಬಾನಿಗೋ ಬಾಯಿ ಹಾಕುತ್ತದೆ, ಅವೆರಡನ್ನೂ ಮುಚ್ಚಿಡಿ.

ಮುಟ್ಟುವ ಮೊದಲು ಐದು ನಿಮಿಷ ದೂರದಿಂದ ನೋಡಿ. ಜೊಲ್ಲು ಧಾರಾಕಾರ ಸುರಿಯುವುದು, ನೀರು ನುಂಗಲು ಆಗದಿರುವುದು, ಕೆಳದವಡೆ ಜೋತುಬೀಳುವುದು, ಬೊಗಳುವ ಸ್ವರ ಒಡೆದಿರುವುದು, ನಡೆಯುವಾಗ ಹಿಂಗಾಲು ತೂರಾಡುವುದು, ಇದರಲ್ಲಿ ಯಾವುದು ಕಂಡರೂ ಹತ್ತಿರ ಹೋಗಬೇಡಿ, ಸೀದಾ ಪಶು ಆಸ್ಪತ್ರೆಗೆ ತಿಳಿಸಿ. ಗಂಟಲಿಗೆ ಮೂಳೆ ಸಿಕ್ಕಿದೆ ಅಂದುಕೊಂಡು ಬಾಯಿಗೆ ಕೈ ಹಾಕುವವರು ತುಂಬಾ ಜನ ಇದ್ದಾರೆ, ಹುಚ್ಚುನಾಯಿ ರೋಗದಲ್ಲೂ ಹಾಗೇ ಕಾಣುತ್ತದೆ. ಯಾರಿಗಾದರೂ ಕಚ್ಚಿದರೆ, ಹಲ್ಲು ತಾಗಿ ಚರ್ಮ ಕೆರೆದಿದ್ದರೂ ಅಷ್ಟೇ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಮೆತ್ತುತ್ತಾ ಕೂರಬೇಡಿ. ಡಾಕ್ಟರ್ ಹೇಳಿದಷ್ಟು ಸೂಜಿ ಪೂರ್ತಿ ಹಾಕಿಸಿಕೊಳ್ಳಿ. ನಾಯಿಯನ್ನು ಹೊಡೆದು ಓಡಿಸಲೂಬೇಡಿ, ಕಟ್ಟಿಹಾಕಿ ಹತ್ತು ದಿನ ನೋಡಬೇಕಾಗುತ್ತದೆ.

ಉಣುಗು (ಉಣ್ಣಿ) ಖಂಡಿತ ಇರುತ್ತದೆ. ಕಾಡು ಹಾದು ಬಂದ ನಾಯಿಯ ಕಿವಿಯೊಳಗೆ, ಬೆರಳ ಸಂದಿಯಲ್ಲಿ ನೋಡಿ. ಮಂಗನ ಕಾಯಿಲೆ 1957ರಲ್ಲಿ ನಮ್ಮ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲೇ ಮೊದಲು ಗುರುತಾಗಿದ್ದು, ಅದು ಹರಡುವುದು ಕಾಡಿನ ಉಣುಗಿನಿಂದ, ಅದರ ಕಾಲ ಈಗ ಶುರುವಾಗುತ್ತದೆ. ಹಾಗಾಗಿ ಮೈ ನೋಡುವ ತನಕ ಮಕ್ಕಳು ಮುದ್ದಾಡುವುದು, ಮನೆಯೊಳಗೆ ಬಿಡುವುದು ಬೇಡ. ಕೈಗೆ ಗ್ಲೌಸ್ ಹಾಕಿ, ಚಿಮುಟದಲ್ಲಿ ಚರ್ಮಕ್ಕೆ ತಾಗುವ ಹಾಗೆ ಹಿಡಿದು ನೇರವಾಗಿ ಎಳೆಯಿರಿ, ಉಗುರಲ್ಲಿ ಕುಕ್ಕಬೇಡಿ. ಸೀಮೆಎಣ್ಣೆ ಬೇಡ. ದನಕ್ಕೆ ಹೊಡೆಯುವ ಉಣುಗಿನ ಔಷಧಿಯನ್ನು ಅಂದಾಜಿನ ಮೇಲೆ ನಾಯಿಗೆ ಹಾಕಲೇಬೇಡಿ. ಗಾಯ ಇದ್ದರೆ 1962ಕ್ಕೆ ಫೋನ್ ಮಾಡಿ, ಅದು ಪಶು ಇಲಾಖೆಯ ಸಹಾಯವಾಣಿ.

ಈಗ ಮನೆ ಹುಡುಕುವ ವಿಷಯ. ಇದರಲ್ಲಿ ನನ್ನ ಅನುಭವ ಹೇಳುತ್ತೇನೆ.

ನಾನು ತೀರ್ಥಹಳ್ಳಿ ಕಡೆಯವನು. ಹೋದ ವರ್ಷ ದೀಪಾವಳಿಯ ಬೆನ್ನಿಗೇ ನಮ್ಮ ಬೇಲಿ ಬಾಗಿಲು ದಣಪೆಯ ಹತ್ತಿರ ಒಂದು ಬಿಳೀ ನಾಯಿ ಬಂದು ಕೂತಿತ್ತು. ಫೋಟೋ ತೆಗೆದು ಗೊತ್ತಿದ್ದ ಗುಂಪಿಗೆಲ್ಲಾ ಹಾಕಿದೆ. ಶಿವಮೊಗ್ಗದಿಂದ, ಭದ್ರಾವತಿಯಿಂದ ಎಲ್ಲಾ ಫೋನ್ ಬಂತು, ನಮ್ಮ ಪಕ್ಕದ ಊರಿಂದ ಒಂದೂ ಇಲ್ಲ. ಮಲೆನಾಡಿನಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ಗುಡ್ಡ ಇರುತ್ತದೆ ಅಲ್ವಾ, ಆಚೆ ಮನೆಯ ಆಳು ಗೊತ್ತು, ನಾಯಿ ಗೊತ್ತಿರುವುದಿಲ್ಲ. ಡೈರಿಗೆ ಹಾಲು ಹಾಕಲು ಹೋದಾಗ ಕೇಳಿದೆ, ಅಲ್ಲೂ ಯಾರದ್ದೂ ಅಲ್ಲ. ಒಂಬತ್ತನೇ ದಿನ ಕೊನೆ ತೆಗೆಯಲು, ಅಂದರೆ ಮರ ಹತ್ತಿ ಅಡಿಕೆ ಗೊನೆ ಇಳಿಸಲು, ಬಂದ ಕೊನೆಗೌಡ ನಾಯಿಯನ್ನು ನೋಡಿ, ಇದು ಪಾಡ್ಯದ ರಾತ್ರಿ ಅಂಟಿಗೆ ಪಂಟಿಗೆಯವರ ಜೊತೆ ಬಂದಿತ್ತಲ್ಲ ಅಂದರು. ಅಂಟಿಗೆ ಪಂಟಿಗೆ ಅಂದರೆ ದೀಪಾವಳಿಯಲ್ಲಿ ರಾತ್ರಿ ಮನೆಮನೆಗೆ ಹಾಡುತ್ತಾ ಹೋಗುವ ತಂಡ, ಅವರೂ ಅದರಲ್ಲಿ ಹಾಡುವವರು. ದೀಪ ಹಿಡಿದು ಮನೆಯಿಂದ ಮನೆಗೆ ಹೋಗುವಾಗ ಎಲ್ಲೋ ಒಂದು ಕಡೆಯಿಂದ ಅದು ಅವರ ಹಿಂದೆ ಬಿದ್ದಿದೆ, ಬೆಳಗಿನ ಜಾವ ನಮ್ಮಲ್ಲಿಗೆ ಬರುವಾಗ ಪಟಾಕಿ ಸದ್ದಿಗೆ ಹೆದರಿ ತೋಟಕ್ಕೆ ನುಗ್ಗಿದೆ. ಅವತ್ತು ಅವರು ಹೋದ ದಾರಿಯಲ್ಲೇ ಹಿಂದಕ್ಕೆ ಕೇಳುತ್ತಾ ಹೋದೆವು. ಹನ್ನೊಂದನೇ ದಿನ ಮನೆ ಸಿಕ್ಕಿತು. ವಯಸ್ಸಾದ ಗಂಡ ಹೆಂಡತಿ ಇಬ್ಬರೇ, ಅಲ್ಲಿ ಮೊಬೈಲ್ ಸಿಗ್ನಲ್ಲೇ ಇಲ್ಲ. ಅಮ್ಮ ಅದರ ತಟ್ಟೆಗೆ ದಿನಾ ಅನ್ನ ಹಾಕಿ ಇಡುತ್ತಿದ್ದರಂತೆ. ನಾವು ಟಾಮಿ, ರಾಜ ಅಂತ ಏನೇನೋ ಕರೆದಿದ್ದೆವು, ಒಂದಕ್ಕೂ ಕಿವಿ ಎತ್ತಿರಲಿಲ್ಲ. ಅವರು "ಮಾಣೀ" ಅಂದಿದ್ದೇ ತಡ, ಬೈಕಿನಿಂದ ಹಾರಿತು.

ಹಾಗಾಗಿ ಅಣ್ಣಾ, ಇದು ಯಾವುದರ ಹಿಂದೆ ಬಂದಿರಬಹುದು ಅಂತ ಮೊದಲು ಯೋಚನೆ ಮಾಡಿ. ಆ ದಿನ ನಿಮ್ಮ ದಾರಿಯಲ್ಲಿ ಹುಲ್ಲಿನ ಲಾರಿ ಬಂದಿತ್ತಾ, ಮದುವೆ ದಿಬ್ಬಣ ಹೋಗಿತ್ತಾ, ಹತ್ತಿರದಲ್ಲಿ ಬೆದೆಗೆ ಬಂದ ಹೆಣ್ಣು ನಾಯಿ ಇದೆಯಾ? ಗಂಡು ನಾಯಿ ಅಂದಿರಿ, ಇದೇ ಕಾರಣ ಜಾಸ್ತಿ. ಆಮೇಲೆ ಊರೂರು ತಿರುಗುವವರನ್ನು ಹಿಡಿಯಿರಿ. ಈಗ ಕೊಯ್ಲಿನ ಕಾಲ, ಕೊನೆಗೌಡರು ದಿನಕ್ಕೊಂದು ತೋಟದಲ್ಲಿರುತ್ತಾರೆ. ಅಡಿಕೆ ಸುಲಿಯಲು ಬರುವ ಹೆಂಗಸರು ನಾಲ್ಕು ಊರಿನವರು ಒಟ್ಟಿಗೆ ಕೂರುತ್ತಾರೆ, ರಾತ್ರಿ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತಾಗ ಒಂದು ಮಾತು ಹಾಕಿ. ಬಸ್ಸಿನ ಕಂಡಕ್ಟರ್, ಪೋಸ್ಟ್‌ಮ್ಯಾನ್, ಆಶಾ ಕಾರ್ಯಕರ್ತೆ ಇವರಿಗೂ ಹೇಳಿ. ಡೈರಿ, ಪಂಚಾಯ್ತಿ, ರೇಷನ್ ಅಂಗಡಿಯಲ್ಲಿ ಫೋಟೋ ಇರುವ ಚೀಟಿ ಅಂಟಿಸಿ.

ನಾಯಿಯ ಮೈಯೂ ಸ್ವಲ್ಪ ಹೇಳುತ್ತದೆ. ಬೆಲ್ಟ್ ಬಿಚ್ಚಿ ಒಳಗಡೆ ನೋಡಿ, ಕೆಲವರು ಪೆನ್ನಲ್ಲಿ ನಂಬರ್ ಬರೆದಿರುತ್ತಾರೆ. ಉಗುರು ಉದ್ದ ಇದ್ದರೆ ಯಾವಾಗಲೂ ಕಟ್ಟಿ ಸಾಕಿದ ನಾಯಿ. ಕಿವಿಯ ತುದಿ ನೀಟಾಗಿ ಕತ್ತರಿಸಿದ್ದರೆ ಆಪರೇಷನ್ ಆದ ಪೇಟೆಯ ಬೀದಿನಾಯಿ, ಯಾರೋ ತಂದು ಬಿಟ್ಟಿದ್ದಾರೆ ಅಂತ ಅರ್ಥ. ಜಾತಿನಾಯಿ ತರ ಕಂಡರೆ ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ಚಿಪ್ ಇರಬಹುದು. ಅದರ 15 ಅಂಕಿ ಓದುವ ಯಂತ್ರ ಬೇಕು, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ಕೇಳಿ ನೋಡಿ. ತುಳು, ಕೊಂಕಣಿ, ಹವ್ಯಕ ಮಾತಿನಲ್ಲೂ ಒಮ್ಮೆ ಕರೆಸಿ, ಯಾವುದಕ್ಕೆ ಬಾಲ ಆಡಿಸುತ್ತದೆ ನೋಡಿ.

ಫೋಟೋ ಹಾಕುವಾಗ ಒಂದು ಗುರುತು ಮಾತ್ರ ನಿಮ್ಮಲ್ಲೇ ಇಟ್ಟುಕೊಳ್ಳಿ, ಹೊಟ್ಟೆಯ ಮಚ್ಚೆಯೋ ಕಾಲಿನ ಹಳೇ ಗಾಯವೋ. ನಮ್ಮದು ಅಂತ ಬಂದವರಿಗೆ ಅದನ್ನು ಕೇಳಿ, ಹಳೇ ಫೋಟೋ ಕೇಳಿ. ನನಗೆ ಫೋನ್ ಮಾಡಿದವರಲ್ಲಿ ಇಬ್ಬರು ಹೆಣ್ಣೋ ಗಂಡೋ ಅಂತಲೂ ಹೇಳಲಿಲ್ಲ. ಹಗ್ಗ ಬಿಚ್ಚಿದ ಮೇಲೆ ನಾಯಿ ತಾನಾಗಿ ಅವರ ಹತ್ತಿರ ಹೋಗಬೇಕು, ಎಳೆದುಕೊಂಡು ಹೋಗುವ ಹಾಗಿದ್ದರೆ ಕೊಡಬೇಡಿ.

ಒಂದು ತಿಂಗಳಾದರೂ ಯಾರೂ ಬರದಿದ್ದರೆ, ಅಥವಾ ಬೇಕಂತಲೇ ಬಿಟ್ಟುಹೋಗಿದ್ದಾರೆ ಅಂತ ಗೊತ್ತಾದರೆ, ರೇಬೀಸ್ ಸೂಜಿ ಹಾಕಿಸಿ ನೀವೇ ಇಟ್ಟುಕೊಳ್ಳಿ. ಆಗದಿದ್ದರೆ ಹೇಳಿ, ನಮ್ಮ ಕಡೆ ತೋಟಕ್ಕೆ ನಾಯಿ ಬೇಕು ಅಂದವರು ಇದ್ದಾರೆ.

ಸದ್ಯಕ್ಕೆ ಎರಡು ಫೋಟೋ ಕಳಿಸಿ, ಒಂದು ಮುಖದ್ದು, ಒಂದು ಪಕ್ಕದಿಂದ ನಿಂತಿದ್ದು. ನಾಳೆ ನಮ್ಮಲ್ಲಿ ಕೊನೆ ತೆಗೆಯುವವರು ನಿಮ್ಮ ಹೊಸನಗರದ ಬದಿಯಿಂದಲೇ ಬರುತ್ತಾರೆ, ಬೆಳಿಗ್ಗೆ ಕಾಫಿ ಕೊಡುವಾಗ ತೋರಿಸುತ್ತೇನೆ.